ಹತ್ತಿರದಲ್ಲಿ ಚರ್ಚ್ ಇಲ್ಲದಾಗ: ಗಡಿಯಾಚೆಯ ಕನ್ನಡ ಕ್ರೈಸ್ತರ ಮನೆ ಆರಾಧನೆ

ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ ಚಿಕ್ಕದು. ಒಂದು ಕ್ರೈಸ್ತ ಕುಟುಂಬ ವಾಸವಾಗಿರುವ ಊರಲ್ಲಿ ಅವರಿಗೆ ಹೊಂದುವ ಚರ್ಚ್ ಇಲ್ಲ ಅಂದ್ರೆ, ಭಾನುವಾರ ಅವರು ಏನು ಮಾಡಬೇಕು? ಮನೆಯಲ್ಲೇ ಪ್ರಾರ್ಥನೆ ಮಾಡಿಕೊಳ್ಳಲಿ ಅಂತ ನಾವು ತಕ್ಷಣ ಹೇಳಿಬಿಡ್ತೇವೆ. ಆದರೆ ಗಡಿ ಪ್ರದೇಶದಲ್ಲಿ "ಚರ್ಚ್ ಇಲ್ಲ" ಅನ್ನೋ ಮಾತಿಗೆ ಎರಡು ಅರ್ಥ ಇದೆ. ಒಂದು, ಕಟ್ಟಡವೂ ಇಲ್ಲ, ಗುರುಗಳೂ ಇಲ್ಲ. ಇನ್ನೊಂದು, ಎರಡೂ ಇವೆ, ಆದರೆ ಆರಾಧನೆ ನಡೆಯುವ ಭಾಷೆ ಮನೆಯ ಭಾಷೆಯಲ್ಲ. ಮೊದಲನೆಯದಕ್ಕೆ ಸಭೆಗಳ ನಿಯಮದಲ್ಲಿ ಉತ್ತರ ಇದೆ. ಎರಡನೆಯದರ ಭಾರ ಬಹುಮಟ್ಟಿಗೆ ಮನೆಯ ಮೇಲೇ ಬೀಳುತ್ತದೆ. ಇದು ನನ್ನ ವಾದ.

ಮನೆ ಆರಾಧನೆ ಅಂದರೆ ಕೈಲಾಗದವರ ಏರ್ಪಾಡು ಅಲ್ಲ ಅನ್ನೋದನ್ನು ಮೊದಲು ನೋಡೋಣ. ಹೊಸ ಒಡಂಬಡಿಕೆಯ ಪತ್ರಗಳಲ್ಲಿ ಅಕ್ವಿಲ-ಪ್ರಿಸ್ಕಿಲ್ಲರ ಮನೆಯಲ್ಲಿ, ಫಿಲೆಮೋನನ ಮನೆಯಲ್ಲಿ ಸೇರುತ್ತಿದ್ದ ಸಭೆಗಳ ಪ್ರಸ್ತಾಪ ಬರುತ್ತದೆ. ಆಗ ಚರ್ಚ್ ಕಟ್ಟಡಗಳೇ ಇರಲಿಲ್ಲ. ನಮ್ಮ ಕಡೆಗೆ ಹತ್ತಿರವಾದ ಇನ್ನೊಂದು ಎಳೆ ಜರ್ಮನಿಯದು. 17ನೇ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನರ್ ಎಂಬ ಪಾದ್ರಿ ಫ್ರಾಂಕ್‌ಫರ್ಟ್‌ನಲ್ಲಿ ಮನೆಯೊಳಗಿನ ಬೈಬಲ್ ಕೂಟಗಳನ್ನು ಶುರು ಮಾಡಿದರು. ವ್ಯುರ್ಟೆಂಬರ್ಗ್ ಸೀಮೆಯಲ್ಲಿ 1743ರಲ್ಲಿ ಇಂಥ ಕೂಟಗಳಿಗೆ ಸರ್ಕಾರಿ ಒಪ್ಪಿಗೆಯೇ ಸಿಕ್ಕಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬೆಳೆದದ್ದು ಈ ಭಕ್ತಿಪರಂಪರೆಯಲ್ಲಿ. "ಮಂಗಳೂರ ಸಮಾಚಾರ" ಹೊರಡಿಸಿದ ಮೊಗ್ಲಿಂಗ್ ಅದೇ ವ್ಯುರ್ಟೆಂಬರ್ಗಿನವರು. ಹಾಗಾಗಿ ನಮ್ಮ ಪ್ರೊಟೆಸ್ಟಂಟ್ ಮನೆಗಳ ಸಂಜೆಯ ಕುಟುಂಬ ಪ್ರಾರ್ಥನೆ ಚರ್ಚಿಗೆ ಬದಲಿಯಾಗಿ ಹುಟ್ಟಿದ್ದಲ್ಲ, ಚರ್ಚಿನ ಜೊತೆಗೇ ಬಂದದ್ದು.

ಈಗ ನಿಯಮಕ್ಕೆ ಬರೋಣ. ಕಥೋಲಿಕರಿಗೆ 1983ರ ಧರ್ಮಸಭಾ ಸಂಹಿತೆಯ 1248ನೇ ವಿಧಿ ಸ್ಪಷ್ಟವಾಗಿದೆ. ಗುರುಗಳಿಲ್ಲದೆ ಅಥವಾ ಬೇರೆ ಗಂಭೀರ ಕಾರಣದಿಂದ ಬಲಿಪೂಜೆಗೆ ಹೋಗಲು ಸಾಧ್ಯವೇ ಆಗದಿದ್ದರೆ, ವಾಕ್ಯದ ಆರಾಧನೆಯಲ್ಲಿ ಭಾಗವಹಿಸಬೇಕು, ಇಲ್ಲವೇ ಒಬ್ಬರೇ ಆಗಲಿ ಕುಟುಂಬವಾಗಿ ಆಗಲಿ ತಕ್ಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಬೇಕು ಅಂತ ಅದು ಬಲವಾಗಿ ಸೂಚಿಸುತ್ತದೆ. ಆದರೆ ಗುರುಗಳಿಲ್ಲದೆ ಬಲಿಪೂಜೆ ಇಲ್ಲ. ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ.ನಲ್ಲೂ ಹೀಗೇ. ಮನೆಯಲ್ಲಿ ಯಾರು ಬೇಕಾದರೂ ಸತ್ಯವೇದ ಓದಿ ಪ್ರಾರ್ಥಿಸಬಹುದು, ಕರ್ತನ ಭೋಜನವನ್ನು ಮಾತ್ರ ಅಭಿಷಿಕ್ತ ಸಭಾಪಾಲಕರೇ ನಡೆಸಬೇಕು.

ದೇಶದ ಕಾನೂನಿಗೂ ಈ ದೂರದ ಲೆಕ್ಕ ಗೊತ್ತಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 11ನೇ ಸೆಕ್ಷನ್ ನೋಡಿ. ಇಂಗ್ಲೆಂಡ್ ಸಭೆಯ ಪಾದ್ರಿ ಚರ್ಚಿನಲ್ಲೇ ಮದುವೆ ಮಾಡಿಸಬೇಕು. ಹತ್ತಿರದ ದಾರಿಯಲ್ಲಿ ಐದು ಮೈಲಿಯೊಳಗೆ ಅಂಥ ಚರ್ಚ್ ಇಲ್ಲದಿದ್ದರೆ, ಅಥವಾ ವಿಶೇಷ ಪರವಾನಗಿ ಇದ್ದರೆ, ಬೇರೆ ಕಡೆ ಮಾಡಿಸಬಹುದು. ಮೈಲಿಯನ್ನು ಅಳೆದ ಈ ಕಾಯಿದೆ ಭಾಷೆಯನ್ನು ಅಳೆಯಲಿಲ್ಲ. ನಮ್ಮ ಸಮಸ್ಯೆ ಇರೋದು ಅಲ್ಲೇ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಧಾರವಾಡದ ಸಿ.ಎಸ್.ಐ. ಕುಟುಂಬವೊಂದು ಕೆಲಸದ ಮೇಲೆ ಸೊಲ್ಲಾಪುರಕ್ಕೆ ಹೋಯಿತು ಅನ್ನಿ. ಅಲ್ಲಿ ಅಮೆರಿಕನ್ ಮರಾಠಿ ಮಿಷನ್ನಿನ ಕಾಲದಿಂದ ಬಂದ ಮರಾಠಿ ಆರಾಧನೆಯ ಪರಂಪರೆ ಇದೆ. 1947ರಲ್ಲಿ ರೂಪುಗೊಂಡ ಸಿ.ಎಸ್.ಐ. ಮತ್ತು 1970ರಲ್ಲಿ ರೂಪುಗೊಂಡ ಉತ್ತರ ಭಾರತ ಸಭೆ ಪರಸ್ಪರ ಪೂರ್ಣ ಅನ್ಯೋನ್ಯತೆಯಲ್ಲಿವೆ. ಸಂಸ್ಕಾರಕ್ಕೆ ಅಡ್ಡಿಯಿಲ್ಲ, ಸದಸ್ಯತ್ವದ ಪತ್ರ ತಗೊಂಡು ಹೋದರೆ ಆಯಿತು. ಆದರೆ ಅಜ್ಜಿಗೆ ಪ್ರಸಂಗ ಅರ್ಥವಾಗೋದಿಲ್ಲ. ಅವರ ಮಟ್ಟಿಗೆ ಚರ್ಚ್ ಪಕ್ಕದ ಬೀದಿಯಲ್ಲಿದ್ದರೂ ದೂರವೇ. ಇಂಥ ಮನೆಯಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ಸಂಜೆ ಕನ್ನಡ ಪ್ರಾರ್ಥನೆ ಅನ್ನೋ ಎರಡು ಹೊತ್ತಿನ ಭಾನುವಾರ ಸಹಜವಾಗಿ ಹುಟ್ಟಿಕೊಳ್ಳುತ್ತದೆ.

ಇದು ಹೊಸಬರ ಕಷ್ಟ ಮಾತ್ರ ಅಲ್ಲ, ನೆಲೆ ನಿಂತವರದೂ ಹೌದು. ಕನ್ನಡದ ಪೂರ್ಣ ಬೈಬಲ್ 1831ರ ಹೊತ್ತಿಗೆ ಸಿದ್ಧವಾಗಲು ಮುಖ್ಯ ಕಾರಣ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್. ಆದವಾನಿ, ರಾಯದುರ್ಗ ಆಗ ಅದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. 1953ರಲ್ಲಿ ಅವು ಆಂಧ್ರಕ್ಕೆ ಸೇರಿದವು, ಶಾಲೆ-ಕಚೇರಿಗಳ ಭಾಷೆ ತೆಲುಗಾಯಿತು. ನೀಲಗಿರಿಯ ಕೇತಿಯಲ್ಲಿ 1840ರ ದಶಕದಲ್ಲಿ ಬಾಸೆಲ್ ಮಿಷನ್ ಬಡಗರ ನಡುವೆ ಕೆಲಸಕ್ಕಿಳಿದಾಗ, ಬಡಗ ಮಾತಿಗೆ ಹತ್ತಿರದ್ದು ಅಂತ ಕನ್ನಡವನ್ನೇ ಹಿಡಿಯಿತು. ಇವತ್ತು ಅಲ್ಲಿಯ ಮಕ್ಕಳು ಶಾಲೆಯಲ್ಲಿ ಕಲಿಯುವ ಲಿಪಿ ತಮಿಳು.

ಇಲ್ಲಿ ಪಣಕ್ಕಿರೋದು ಏನು? ಲಿಪಿ. ಅಜ್ಜ ಓದುವ ಸತ್ಯವೇದವನ್ನು ಮೊಮ್ಮಗಳಿಗೆ ಓದಲು ಬರದಿದ್ದರೆ ಮನೆ ಆರಾಧನೆ ಕೇಳಿಸಿಕೊಳ್ಳುವ ಆರಾಧನೆಯಾಗಿ ಬಿಡುತ್ತದೆ. ಅಜ್ಜ ಹೋದ ಮೇಲೆ ಅದೂ ನಿಲ್ಲುತ್ತದೆ. ಕಾಸರಗೋಡಿನ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಅಲ್ಲಿಯ ಲ್ಯಾಟಿನ್ ವಿಧಿಯ ಹಳೆಯ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ. ರಾಜ್ಯದ ಗಡಿಯೂ ಸಭೆಯ ಗಡಿಯೂ ಒಂದೇ ಆಗಿರಬೇಕಿಲ್ಲ ಅನ್ನೋದಕ್ಕೆ ಇದು ಸಾಕ್ಷಿ.

ಚರ್ಚೆಯಲ್ಲಿ ಬಂದ ಒಂದು ಪ್ರಶ್ನೆ: ಮನೆಯೇ ಸಾಕು ಅಂತಾದರೆ ಸಭೆ ಯಾಕೆ ಬೇಕು?

ಸಾಕು ಅಂತ ನಾನು ಹೇಳುತ್ತಿಲ್ಲ. ದೀಕ್ಷಾಸ್ನಾನದ ದಾಖಲೆ, ಮದುವೆಯ ರಿಜಿಸ್ಟರ್, ಸಮಾಧಿಗೆ ಜಾಗ, ಇವನ್ನು ಮನೆ ಕೊಡಲಾರದು. ಮನೆಯ ಹಿರಿಯರು ತಪ್ಪು ಬೋಧಿಸಿದರೆ ತಿದ್ದೋರು ಯಾರು? ಮನೆಯಲ್ಲಿ ಸಾವಾದಾಗ ಹೆಗಲು ಕೊಡೋರು ಯಾರು? ಅದಕ್ಕೇ ಹತ್ತಿರದ ಸಭೆ ಯಾವ ಭಾಷೆಯದಾದರೂ ಅದರಲ್ಲಿ ಹೆಸರು ಇರಬೇಕು, ಸಂಸ್ಕಾರಕ್ಕೆ ಅಲ್ಲಿಗೆ ಹೋಗಬೇಕು. ಮನೆಯಲ್ಲಿ ಒಂದು ಕೀರ್ತನೆ, ಒಂದು ಪಾಠ, ಒಂದು ಹಾಡು, ಒಂದು ಬಿನ್ನಹ ಇಷ್ಟಿದ್ದರೆ ಸಾಲದೇ? ಪಾಠ ಓದುವ ಕೆಲಸ ಮಾತ್ರ ಮನೆಯ ಅತಿ ಚಿಕ್ಕವರದಾಗಲಿ, ತಡವರಿಸಿದರೂ ಪರವಾಗಿಲ್ಲ. ಅಕ್ಕಪಕ್ಕದ ಎರಡು ಮೂರು ಕನ್ನಡ ಮನೆಗಳು ಸೇರಿಕೊಂಡರೆ, ತಿಂಗಳಿಗೊಂದು ಕನ್ನಡ ಆರಾಧನೆ ನಡೆಸಿಕೊಡಿ ಅಂತ ಆ ಸಭೆಯನ್ನೇ ಕೇಳಬಹುದು. ಒಂದು ಮನೆ ಒಂಟಿಯಾಗಿ ಕೇಳೋದಕ್ಕೂ ಒಂದು ಗುಂಪು ಕೇಳೋದಕ್ಕೂ ವ್ಯತ್ಯಾಸ ಇದೆ ಅಲ್ವಾ?