ಎಳೆದಷ್ಟೂ ಗಟ್ಟಿಯಾಗುವ ಪ್ಲಾಸ್ಟಿಕ್

ಬಳ್ಳಾರಿ ಜೀನ್ಸಿನ ಬಟ್ಟೆ ಹತ್ತಿಯದು. ಆದರೆ ಜೇಬು, ಸೊಂಟ, ಒಳತೊಡೆಯ ಹೊಲಿಗೆಗಳಲ್ಲಿ ಭಾರ ಹೊರುವುದು ಬಹುಮಟ್ಟಿಗೆ ಪಾಲಿಯೆಸ್ಟರ್ ದಾರ. ಹುಟ್ಟುವಾಗ ಆ ದಾರಕ್ಕೆ ಇಷ್ಟು ಕಸುವಿರುವುದಿಲ್ಲ. ಕರಗಿದ ಪ್ಲಾಸ್ಟಿಕ್ಕನ್ನು ಸಣ್ಣ ತೂತುಗಳಿಂದ ಹಾಯಿಸಿ ತಣಿಸಿದಾಗ ಸಿಗುವ ಎಳೆ ದುರ್ಬಲ. ಅದನ್ನು ಕೆಲವು ಪಟ್ಟು ಉದ್ದಕ್ಕೆ ಜಗ್ಗಿದ ಮೇಲೆಯೇ ಬಲ ಬರುತ್ತದೆ.

ಜಗ್ಗಿದರೆ ತೆಳುವಾಗಿ ಹರಿಯಬೇಕಾದದ್ದು ಗಟ್ಟಿಯಾಗುವುದು ಹೇಗೆ?

ಪ್ಲಾಸ್ಟಿಕ್ ಎಂದರೆ ಪಾಲಿಮರ್. ಅದರ ಉದ್ದನೆಯ ಅಣುಸರಪಳಿಗಳು ಬೆಂದ ಶಾವಿಗೆಯಂತೆ ಒಂದಕ್ಕೊಂದು ತೊಡರಿಕೊಂಡಿರುತ್ತವೆ. ತಣಿಯುವಾಗ ಸಾಲುಗೂಡದೆ ಹಾಗೇ ಬಿಗಿದುಕೊಂಡರೆ ಅದು ಗಾಜಿನ ಸ್ಥಿತಿ. ಹೆಲ್ಮೆಟ್ಟಿನ ಪಾರದರ್ಶಕ ಮುಖಕವಚಕ್ಕೆ ಬಳಸುವ ಪಾಲಿಕಾರ್ಬೊನೇಟ್ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಈ ಸ್ಥಿತಿಯಲ್ಲೇ ಇರುತ್ತದೆ. ಹೀಗಾಗಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡಿನ ಬಿರುಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ.

ಪಾಲಿಕಾರ್ಬೊನೇಟಿನ ಪಟ್ಟಿಯೊಂದನ್ನು ಯಂತ್ರದಲ್ಲಿ ಜಗ್ಗಿದರೆ ಒಂದು ಕಡೆ ಸೊಂಟದಂತೆ ಸಣ್ಣಗಾಗುತ್ತದೆ. ಅಲ್ಲೇ ಹರಿಯುವುದಿಲ್ಲ. ಸಣ್ಣಗಾದ ಜಾಗದಲ್ಲಿ ಸರಪಳಿಗಳು ನೀಳವಾಗಿ, ತೊಡಕುಗಳು ಬಿಗಿಯಾಗಿ ಗಟ್ಟಿತನ ಬಂದಿರುತ್ತದೆ. ಹಾಗಾಗಿ ಪಕ್ಕದ, ಇನ್ನೂ ಜಗ್ಗದ ಭಾಗ ಸೋಲುತ್ತದೆ, ಸೊಂಟ ಉದ್ದಕ್ಕೂ ಹರಡುತ್ತದೆ. ಪಾಲಿಸ್ಟೈರೀನ್ ಕೂಡ ಗಾಜಿನ ಸ್ಥಿತಿಯದೇ, ಆದರೆ ಜಗ್ಗಿದರೆ ಪಟಕ್ಕನೆ ಮುರಿಯುತ್ತದೆ. ಅದರಲ್ಲಿ ತೊಡಕುಗಳು ಪಾಲಿಕಾರ್ಬೊನೇಟಿನಲ್ಲಿರುವುದರ ಹತ್ತನೇ ಒಂದರಷ್ಟು ಮಾತ್ರ. ಪಾಲಿಯೆಸ್ಟರಿನಲ್ಲಿ ಇನ್ನೊಂದು ಅನುಕೂಲವಿದೆ: ನೀಳವಾದ ಸರಪಳಿಗಳು ಸಾಲುಗೂಡಿ ಹರಳುಗಟ್ಟಿ, ಬಂದ ಬಲವನ್ನು ಹಿಡಿದಿಡುತ್ತವೆ.

1968ರಲ್ಲಿ ಹಾವರ್ಡ್ ಮತ್ತು ಥ್ಯಾಕ್ರೆ ಎಂಬ ಸಂಶೋಧಕರು ಜಗ್ಗಿದಾಗ ಬರುವ ಈ ಗಟ್ಟಿತನವನ್ನು ರಬ್ಬರಿನ ಲೆಕ್ಕದಲ್ಲಿ ವಿವರಿಸಿದರು. ತೊಡಕುಗಳ ಬಲೆ ಒಂದು ಸ್ಪ್ರಿಂಗ್. ಅದರ ಜೊತೆಗೆ ಗಾಜಿನ ಒಳಗಣ ಘರ್ಷಣೆ. ಚೊಕ್ಕ ಕಲ್ಪನೆ, ಇಂದಿಗೂ ಎಂಜಿನಿಯರುಗಳಿಗೆ ಉಪಯುಕ್ತ. ಆದರೆ ಎರಡು ಕಡೆ ಅದು ಎಡವುತ್ತದೆ. ಅಳೆದಾಗ ಸಿಗುವ ಗಟ್ಟಿತನ ರಬ್ಬರಿನ ಲೆಕ್ಕ ಹೇಳುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅಲ್ಲದೆ ಬಿಸಿಯೇರಿದಂತೆ ಹಿಗ್ಗಿದ ರಬ್ಬರಿನ ಬಿಗಿ ಏರಿದರೆ, ಗಾಜಿನ ಪಾಲಿಮರ್‌ನಲ್ಲಿ ಇಳಿಯುತ್ತದೆ.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಹೋಯ್, ಮಾರ್ಕ್ ರಾಬಿನ್ಸ್ 2006ರಲ್ಲಿ ಕಂಪ್ಯೂಟರಿನೊಳಗೆ ಇಂಥ ಸರಪಳಿಗಳನ್ನು ಹೆಣೆದು, ಬಲ ಹಾಕಿ ಆಕಾರ ಬದಲಿಸಿ ನೋಡಿದರು. ಗಟ್ಟಿಯಾಗುವ ಪ್ರಮಾಣವು ವಸ್ತು ಮುರಿಯದೆ ಆಕಾರ ಬದಲಿಸುತ್ತ ಹೋಗಲು ಬೇಕಾದ ಒತ್ತಡದ ಜೊತೆಜೊತೆಗೇ ಏರಿಳಿಯುತ್ತಿತ್ತು. ನನಗೆ ಈ ಶೋಧ ತುಂಬ ಮುಖ್ಯ ಅನ್ನಿಸುತ್ತದೆ. ಬಲೆಯೊಂದೇ ಕೆಲಸ ಮಾಡುವುದಲ್ಲ. ಸರಪಳಿ ನೀಳವಾಗಲು ಅದರ ಪ್ರತಿ ತುಣುಕೂ ಬಿಗಿದುಕೊಂಡ ನೆರೆಯ ಅಣುಗಳನ್ನು ಸರಿಸಿಕೊಂಡೇ ಸಾಗಬೇಕು. ನೀಳವಾದಷ್ಟೂ ಆ ಸರಿಸುವ ಕೆಲಸ ಹೆಚ್ಚು. ಬಿಸಿಗೆ ನೆರೆಯ ಅಣುಗಳ ಹಿಡಿತ ಸಡಿಲವಾಗುವುದರಿಂದಲೇ ಗಟ್ಟಿತನವೂ ತಗ್ಗುತ್ತದೆ.