ನಿಂತ ಸೈಕಲ್ಲಿನ ಸಮತೋಲ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯನ್ನು ಕನಕದಾಸರ ಹೆಸರಿನಿಂದ ನಾಡೆಲ್ಲವೂ ಬಲ್ಲುದು. ಆ ಕಡೆಯ ಹಳ್ಳಿಗಳಿಂದ ಬ್ಯಾಡಗಿ ಪೇಟೆಗೆ ಸೈಕಲ್ಲಿನಲ್ಲಿ ಬರುವವರು ಇನ್ನೊಂದು ಸಂಗತಿಯನ್ನೂ ಬಲ್ಲರು. ಮೆಣಸಿನಕಾಯಿಯ ಸುಗ್ಗಿಯಲ್ಲಿ, ಚೀಲ ಹೇರಿದ ಲಾರಿಗಳ ನಡುವೆ, ಸೈಕಲ್ಲನ್ನು ವೇಗವಾಗಿ ಓಡಿಸುವುದಕ್ಕಿಂತ ನಿಧಾನವಾಗಿ ಓಡಿಸುವುದೇ ಕಷ್ಟ. ವೇಗವಿದ್ದಾಗ ನೆಟ್ಟಗೆ ಸಾಗಿದವನು ವೇಗ ತಗ್ಗಿದೊಡನೆ ತೂರಾಡುತ್ತಾನೆ; ತೂರಾಡಿದ ಮಗ್ಗುಲಲ್ಲಿ ಲಾರಿಯ ಗಾಲಿ ಇದ್ದರೆ ಪ್ರಾಣಕ್ಕೇ ಸಂಚಕಾರ. ಶಾಲೆಗಳ ಕ್ರೀಡಾಕೂಟದಲ್ಲಿ ನಡೆಯುವ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಕೊನೆಗೆ ಬಂದವನೇ ಗೆದ್ದವನು, ನೆಲಕ್ಕೆ ಕಾಲೂರಿದವನು ಸೋತವನು. ಈ ಸ್ಪರ್ಧೆಯ ಪರಮಾವಧಿಯೆಂದರೆ ಕಾಲೂರದೆ ನಿಂತಲ್ಲಿಯೇ ನಿಲ್ಲುವುದು. ಅದು ಸಾಧ್ಯವೆ?

ಸಾಧ್ಯವೆಂಬುದಕ್ಕೆ ಸಾಕ್ಷ್ಯವಿದೆ. 1964ರ ಟೋಕಿಯೊ ಒಲಿಂಪಿಕ್ಸಿನ ಸೈಕಲ್ ಪಂದ್ಯದಲ್ಲಿ ಇಟಲಿಯ ಪೆಟೆನೆಲ್ಲ ಮತ್ತು ಫ್ರಾನ್ಸಿನ ಟ್ರೆಂಟಿನ್ ಸುಮಾರು 22 ನಿಮಿಷ ಕಾಲ ಓಟದ ನಡುವೆಯೇ ನಿಂತುಬಿಟ್ಟರು. ಮುಂದೆ ಹೋದವನು ಗಾಳಿಯನ್ನು ಸೀಳಬೇಕು. ಹಿಂದಿನವನು ಅವನ ಮರೆಯಲ್ಲಿ ಬಲ ಉಳಿಸಿಕೊಂಡು ಕೊನೆಯ ಗಳಿಗೆಯಲ್ಲಿ ನುಗ್ಗಬಹುದು. ಆದುದರಿಂದ ಇಬ್ಬರಿಗೂ ಮುಂದಾಗುವ ಮನಸ್ಸಿಲ್ಲ! ಆ ವರ್ಷದ ಚಿನ್ನದ ಪದಕ ಪೆಟೆನೆಲ್ಲನ ಪಾಲಾಯಿತು.

ಇನ್ನು ಕಾರಣವನ್ನು ವಿಚಾರಿಸೋಣ. ಒಂದು ವಸ್ತು ನಿಲ್ಲಬೇಕಾದರೆ ಅದರ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಅದರ ತಳಹದಿಯೊಳಗೆ ಬೀಳಬೇಕು. ಮುಕ್ಕಾಲು ಪೀಠಕ್ಕೆ ತ್ರಿಕೋನಾಕಾರದ ತಳಹದಿಯಿದೆ. ಸೈಕಲ್ಲಿಗಾದರೋ ಎರಡು ಗಾಲಿಗಳು ನೆಲವನ್ನು ಮುಟ್ಟುವ ಎರಡು ಬಿಂದುಗಳನ್ನು ಸೇರಿಸುವ ಒಂದು ಗೆರೆ ಮಾತ್ರ. ಸವಾರನೂ ಸೇರಿದಂತೆ ಗುರುತ್ವಕೇಂದ್ರವು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿದೆಯೆಂದು ಭಾವಿಸಿ. ಸೈಕಲ್ಲು ಒಂದು ಡಿಗ್ರಿ ವಾಲಿದರೆ ಆ ಕೇಂದ್ರವು ಗೆರೆಯಿಂದ 1.7 ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತದೆ. ವಾಲಿದಷ್ಟೂ ಬೀಳಿಸುವ ಬಲ ಹೆಚ್ಚುತ್ತದೆ. ಬಲ ಹೆಚ್ಚಿದಷ್ಟೂ ಮತ್ತಷ್ಟು ವಾಲುತ್ತದೆ. ಲೆಕ್ಕ ಮಾಡಿ ನೋಡಿದರೆ, ಒಂದು ಡಿಗ್ರಿಯ ವಾಲು ಒಂದು ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಒಂದೂವರೆ ಡಿಗ್ರಿಯಷ್ಟಾಗುತ್ತದೆ, ಪೂರ್ಣ ಸೆಕೆಂಡಿನಲ್ಲಿ 11 ಡಿಗ್ರಿ ದಾಟುತ್ತದೆ. ಮನುಷ್ಯನು ಕಂಡದ್ದಕ್ಕೆ ಪ್ರತಿಕ್ರಿಯೆ ತೋರಲು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಂದರೆ ವಾಲು ಚಿಕ್ಕದಿರುವಾಗಲೇ ಹಿಡಿದರೆ ಸಮಯವುಂಟು, ತಡೆದರೆ ಇಲ್ಲ.

ಓಡುವ ಸೈಕಲ್ಲನ್ನು ತಿರುಗುವ ಗಾಲಿಗಳು ಬುಗುರಿಯಂತೆ ನೆಟ್ಟಗೆ ನಿಲ್ಲಿಸುತ್ತವೆಂದು ಇಂದಿಗೂ ಹಲವರು ಹೇಳುವುದುಂಟು. ಈ ವಿವರಣೆ ಕೇಳಲು ಸೊಗಸು, ಅಷ್ಟೆ. ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬವರು ವಿರುದ್ಧ ದಿಕ್ಕಿನಲ್ಲಿ ತಿರುಗುವ ಇನ್ನೊಂದು ಗಾಲಿಯನ್ನು ಜೋಡಿಸಿ ಬುಗುರಿಯ ಪರಿಣಾಮವನ್ನು ರದ್ದುಗೊಳಿಸಿ, ಆ ಸೈಕಲ್ಲನ್ನೂ ಸವಾರಿ ಮಾಡಬಹುದೆಂದು 1970ರಲ್ಲಿ ಪ್ರಕಟಿಸಿದರು. ಗಾಲಿಯೇ ತಿರುಗದ ನಿಂತ ಸೈಕಲ್ಲಿಗಂತೂ ಆ ವಿವರಣೆ ಸಲ್ಲದು.

ನಿಜವಾದ ಉಪಾಯ ಬೇರೆ. ಅಂಗೈಯ ಮೇಲೆ ಕೋಲನ್ನು ನಿಲ್ಲಿಸುವವನು ಕೋಲು ವಾಲಿದ ಕಡೆಗೇ ಕೈಯನ್ನು ಒಯ್ಯುತ್ತಾನಲ್ಲವೆ? ಸೈಕಲ್ ಸವಾರನೂ ಬೀಳುವ ಕಡೆಗೇ ಹ್ಯಾಂಡಲನ್ನು ತಿರುಗಿಸಿ, ಗಾಲಿಗಳನ್ನು ತನ್ನ ಭಾರದ ಅಡಿಗೆ ತರುತ್ತಾನೆ. ವೇಗವಿದ್ದಾಗ ಇದಕ್ಕೆ ಅಲ್ಪ ತಿರುವು ಸಾಕು. ನಿಂತಾಗ ಮುಂದಿನ ಗಾಲಿ ನೇರವಾಗಿದ್ದರೆ ಸೈಕಲ್ಲು ಮುಂದೆ ಹಿಂದೆ ಉರುಳಿದರೂ ಗೆರೆ ಪಕ್ಕಕ್ಕೆ ಸರಿಯದು. ಆದರೆ ಗಾಲಿಯನ್ನು ಮೊದಲೇ ಬಲಕ್ಕೆ 45 ಡಿಗ್ರಿ ತಿರುಗಿಸಿಟ್ಟುಕೊಳ್ಳಿ. ಈಗ ಮುಂದಿನ ಗಾಲಿ 10 ಸೆಂಟಿಮೀಟರ್ ಮುಂದಕ್ಕೆ ಉರುಳಿದರೆ ಅದು 7 ಸೆಂಟಿಮೀಟರ್ ಬಲಕ್ಕೂ ಸರಿಯುತ್ತದೆ. ಹಿಂದಿನ ಗಾಲಿ ಇದ್ದ ಸಾಲಿನಲ್ಲೇ ಇರುವುದರಿಂದ, ಸವಾರನ ಕೆಳಗೆ ಗೆರೆಯು ಸುಮಾರು 3 ಸೆಂಟಿಮೀಟರಿನಷ್ಟು ಬಲಕ್ಕೆ ಬರುತ್ತದೆ. ಒಂದು ಡಿಗ್ರಿಯ ವಾಲನ್ನು ತಿದ್ದಲು ಇಷ್ಟು ಧಾರಾಳ. ಬಲಕ್ಕೆ ವಾಲಿದರೆ ಮುಂದಕ್ಕೆ, ಎಡಕ್ಕೆ ವಾಲಿದರೆ ಹಿಂದಕ್ಕೆ. ನಿಂತಂತೆ ಕಾಣುವ ಸೈಕಲ್ಲು ವಾಸ್ತವವಾಗಿ ಸದಾ ತೂಗುತ್ತಿರುತ್ತದೆ.

ಇಲ್ಲೊಂದು ತೊಡಕುಂಟು. ಸ್ಪರ್ಧೆಯ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿಯೂ ಹಿಂದಕ್ಕೆ ತಿರುಗುತ್ತದೆ. ನಮ್ಮ ಸಾಮಾನ್ಯ ಸೈಕಲ್ಲಿನ ಫ್ರೀವೀಲಿನಲ್ಲಿ ಅದು ‘ಟಿಕ್ ಟಿಕ್’ ಎಂದು ಸುಮ್ಮನೆ ಜಾರುತ್ತದೆ. ಆದಕಾರಣ ಹಿಂದಕ್ಕೆ ತಳ್ಳುವ ಕೆಲಸವನ್ನು ಭೂಮಿಯ ಆಕರ್ಷಣೆಗೇ ಬಿಡಬೇಕು. ಮುಖವನ್ನು ಏರಿನ ಕಡೆಗೆ ಮಾಡಿ ನಿಂತರಾಯಿತು. ಪೆಡಲಿನ ಮೇಲಿನ ಒತ್ತಡ ಹೆಚ್ಚಿಸಿದರೆ ಸೈಕಲ್ಲು ಮುಂದಕ್ಕೂ, ತಗ್ಗಿಸಿದರೆ ಹಿಂದಕ್ಕೂ ಉರುಳುತ್ತದೆ.

ಕಲಿಯಬಯಸುವವರು ಬೀದಿಯನ್ನು ಬಿಟ್ಟು, ವಾಹನಗಳಿಲ್ಲದ, ಸ್ವಲ್ಪವೇ ಏರಿರುವ ಬಯಲನ್ನು ಆರಿಸಿಕೊಳ್ಳಲಿ. ನಡಿಗೆಗಿಂತ ನಿಧಾನವಾಗಿ ಬಂದು, ಎರಡು ಪೆಡಲುಗಳನ್ನೂ ಒಂದೇ ಮಟ್ಟದಲ್ಲಿ, ಬಲಗಾಲನ್ನು ಮುಂದಕ್ಕೆ ಇರಿಸಿ, ಸೀಟಿನಿಂದ ತುಸು ಎದ್ದು, ಗಾಲಿಯನ್ನು ಬಲಕ್ಕೆ ತಿರುಗಿಸಬೇಕು. ಎಡಗಾಲು ಮುಂದಿದ್ದರೆ ತಿರುಗಿದ ಗಾಲಿ ಅದಕ್ಕೆ ತಾಗಬಹುದು. ದೃಷ್ಟಿ ಗಾಲಿಯ ಮೇಲಿರದೆ ಹತ್ತಾರು ಅಡಿ ದೂರದ ಕಲ್ಲಿನ ಮೇಲೋ ಗಿಡದ ಮೇಲೋ ಇರಲಿ. ಹೊಸಬರು ಹೆದರಿ ಬ್ರೇಕನ್ನು ಬಿಗಿಯಾಗಿ ಹಿಡಿದುಬಿಡುತ್ತಾರೆ. ಗಾಲಿ ಉರುಳದಿದ್ದರೆ ಗೆರೆ ಸರಿಯದು, ಗೆರೆ ಸರಿಯದಿದ್ದರೆ ಸೊಂಟ ಬಳುಕಿಸಿ ಸಾಧಿಸುವುದು ಬಹಳ ಸ್ವಲ್ಪ.

ಸುಗ್ಗಿ ಮುಗಿದ ಕಣದ ಧೂಳಿನಲ್ಲಿ ಇದನ್ನು ಅಭ್ಯಾಸ ಮಾಡಿ, ಇಳಿದ ಮೇಲೆ ಮುಂದಿನ ಗಾಲಿಯ ಗುರುತನ್ನು ಅಳತೆಪಟ್ಟಿಯಿಂದ ಅಳೆಯಿರಿ. ಮೊದಲ ದಿನ ಅದು ಅಂಕುಡೊಂಕಾಗಿ ಮೊಳದುದ್ದ ಹರಡಿರುತ್ತದೆ. ಕೈ ಪಳಗಿದಂತೆ ಒಂದರ ಮೇಲೊಂದು ಬಿದ್ದ ಗೆರೆಗಳ, ಗೇಣಿಗೂ ಚಿಕ್ಕದಾದ ಒಂದು ಓರೆಪಟ್ಟಿ ಮಾತ್ರ ಉಳಿಯುತ್ತದೆ.