ತುಂಬು ಗಬ್ಬದ ಆಡಿನ ರಕ್ತದಲ್ಲಿ ಸಕ್ಕರೆ ಇಳಿದರೆ

ಮಳೆಯನ್ನೇ ನಂಬಿದ ನಾಡಿನಲ್ಲಿ ಆಡು ಎಂದರೆ ಕೈಯಲ್ಲಿರುವ ರೊಕ್ಕ. ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ತಾಲ್ಲೂಕುಗಳಲ್ಲಿ ತೊಗರಿ, ಜೋಳ ಕೈಕೊಟ್ಟ ವರ್ಷ ಸಂಸಾರವನ್ನು ದಡ ಮುಟ್ಟಿಸುವುದು ಅನೇಕ ಮನೆಗಳಲ್ಲಿ ಈ ನಾಲ್ಕಾರು ಆಡುಗಳೇ. ಈ ಭಾಗದಲ್ಲಿ ಕಾಣಸಿಗುವ ಉಸ್ಮಾನಾಬಾದಿ ತಳಿಯು ಅವಳಿ ಮರಿಗಳಿಗೆ ಹೆಸರಾದುದು. ಅವಳಿ ಮರಿ ಲಾಭವೇ ಸರಿ. ಆದರೆ ಅವಳಿ ಹೊತ್ತ ತಾಯಿಗೆ ಕೊನೆಯ ತಿಂಗಳಲ್ಲಿ ಮೇವು ಸಾಲದಾದರೆ ತಾಯಿ, ಎರಡು ಮರಿ ಹೀಗೆ ಮೂರು ಜೀವಗಳೂ ಒಂದೇ ವಾರದಲ್ಲಿ ಕೈಬಿಟ್ಟು ಹೋಗಬಹುದು. ಈ ರೋಗಕ್ಕೆ ಗಬ್ಬದ ನಂಜು ಎನ್ನುತ್ತಾರೆ. ಇದು ಅಂಟುರೋಗವಲ್ಲ. ರಕ್ತದಲ್ಲಿ ಸಕ್ಕರೆಯ ಕೊರತೆಯೇ ಇದರ ಮೂಲ.

ರೋಗ ಬರುವ ಬಗೆ

ಆಡಿನ ಗಬ್ಬದ ಅವಧಿ ಸುಮಾರು 150 ದಿನ. ಹೊಟ್ಟೆಯೊಳಗಿನ ಮರಿಯ ತೂಕದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಮರಿಗೆ ಬೇಕಾದ ಮುಖ್ಯ ಆಹಾರ ಸಕ್ಕರೆ. ತಾಯಿ ಉಪವಾಸವಿದ್ದರೂ ಮರಿ ತನ್ನ ಪಾಲನ್ನು ಎಳೆದುಕೊಳ್ಳುತ್ತಲೇ ಇರುತ್ತದೆ.

ಮೆಲುಕು ಹಾಕುವ ಪ್ರಾಣಿಗೆ ಮೇವಿನಿಂದ ನೇರವಾಗಿ ಸಿಗುವ ಸಕ್ಕರೆ ಬಹಳ ಕಡಿಮೆ. ಮೇವು ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಆಮ್ಲಗಳಾಗುತ್ತದೆ. ಅವುಗಳಲ್ಲಿ ಒಂದನ್ನು ಬಳಸಿ ಪಿತ್ತಜನಕಾಂಗವು ಸಕ್ಕರೆ ತಯಾರಿಸುತ್ತದೆ. ಆದ್ದರಿಂದ ಮೇವು ತಪ್ಪಿದರೆ ಸಕ್ಕರೆಯೂ ತಪ್ಪಿತು. ಮೇಲಾಗಿ ಬೆಳೆದ ಮರಿಗಳು ದೊಡ್ಡ ಹೊಟ್ಟೆಯನ್ನು ಒತ್ತುವುದರಿಂದ ತಾಯಿ ಹೆಚ್ಚು ತಿನ್ನಲೂ ಆರದು.

ಆಗ ಶರೀರವು ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ. ಕೊಬ್ಬು ಒಮ್ಮೆಲೇ ಹರಿದು ಬಂದರೆ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ, ಕೀಟೋನ್ ಎಂಬ ವಸ್ತುಗಳು ರಕ್ತದಲ್ಲಿ ಹೆಚ್ಚಾಗುತ್ತವೆ. ಇವು ಹಸಿವನ್ನು ಕೆಡಿಸುತ್ತವೆ. ಹಸಿವು ಕೆಟ್ಟಷ್ಟೂ ಸಕ್ಕರೆ ಇಳಿಯುತ್ತದೆ, ಸಕ್ಕರೆ ಇಳಿದಷ್ಟೂ ಕೀಟೋನ್ ಏರುತ್ತದೆ. ಈ ಸುಳಿಯಿಂದ ಆಡು ತಾನಾಗಿ ಹೊರಬರುವುದು ಕಷ್ಟ.

ಬಡಕಲು ಆಡಿಗೆ ಮಾತ್ರ ಈ ರೋಗ ಬರುತ್ತದೆಂದು ತಿಳಿಯಬಾರದು. ಅತಿಯಾಗಿ ಕೊಬ್ಬಿದ ಆಡಿಗೂ ಬರುತ್ತದೆ. ಎರೆ ಭೂಮಿಯಲ್ಲಿ ಜಡಿಮಳೆ ಹಿಡಿದು ಎರಡು ದಿನ ಮೇಯಲು ಬಿಡದಿರುವುದು, ಬೇಸಿಗೆಯಲ್ಲಿ ಬರಿಯ ಹೊಲ, ಕಲ್ಲುಗಣಿಗಳ ಸುತ್ತ ದಿನವಿಡೀ ಅಲೆಸುವುದು, ತುಂಬು ಗಬ್ಬದ ಆಡನ್ನು ಗಾಡಿಯಲ್ಲಿ ಸಂತೆಗೆ ಒಯ್ಯುವುದು, ಮೇವನ್ನು ಥಟ್ಟನೆ ಬದಲಿಸುವುದು, ಗೊರಸಿನ ಹುಣ್ಣು, ಜಂತುಹುಳು ಇವೆಲ್ಲ ರೋಗಕ್ಕೆ ದಾರಿ ಮಾಡಿಕೊಡುತ್ತವೆ.

ಲಕ್ಷಣಗಳು

1. ಆಡು ಹಿಂಡಿನಿಂದ ಹಿಂದೆ ಬೀಳುತ್ತದೆ, ಒಂಟಿಯಾಗಿ ನಿಲ್ಲುತ್ತದೆ. ಮೊದಲು ಕಾಳು, ಹಿಂಡಿ ಬಿಡುತ್ತದೆ, ನಂತರ ಮೇವನ್ನೂ ಬಿಡುತ್ತದೆ.
2. ಹಲ್ಲು ಕಡಿಯುತ್ತದೆ. ಉಸಿರಿನಲ್ಲಿ ಹುಳಿಸಿಹಿ ಬೆರೆತ ವಾಸನೆ ಬರಬಹುದು.
3. ಕಣ್ಣು ಕಾಣದಂತೆ ನಡೆದು ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಮುಖ, ಕಿವಿಗಳ ಸ್ನಾಯು ಅದುರುತ್ತವೆ.
4. ಕೊನೆಗೆ ನೆಲ ಹಿಡಿದು ಏಳದಾಗುತ್ತದೆ. ಎಚ್ಚರ ತಪ್ಪಿ ಸಾಯುತ್ತದೆ.

ಮೊದಲ ಲಕ್ಷಣ ಕಂಡ ದಿನವೇ ಉಪಚಾರವಾದರೆ ಉಳಿಯುವ ಸಂಭವ ಹೆಚ್ಚು. ನೆಲ ಹಿಡಿದ ಮೇಲೆ ಉಳಿಯುವವು ಕೆಲವೇ. ‘ಈಯುವ ಹೊತ್ತು ಹತ್ತಿರ ಬಂದಿದೆ, ಅದಕ್ಕೇ ಮೇವು ಬಿಟ್ಟಿದೆ’ ಎಂದು ಕಾಯುವುದೇ ಅನೇಕ ಕಡೆ ಆಡಿನ ಜೀವಕ್ಕೆ ಎರವಾಗುತ್ತದೆ.

ಪರೀಕ್ಷೆ

ಔಷಧಿ ಅಂಗಡಿಗಳಲ್ಲಿ ಮೂತ್ರದ ಕೀಟೋನ್ ಪಟ್ಟಿಗಳು ದೊರೆಯುತ್ತವೆ. ಮಲಗಿದ ಆಡನ್ನು ಎಬ್ಬಿಸಿದಾಗ ಅದು ಸಾಮಾನ್ಯವಾಗಿ ಮೂತ್ರ ಮಾಡುತ್ತದೆ. ಅದರಲ್ಲಿ ಪಟ್ಟಿಯನ್ನು ಅದ್ದಿದಾಗ ಬಣ್ಣ ಕಡುನೇರಳೆಗೆ ತಿರುಗಿದರೆ ಕೀಟೋನ್ ಹೆಚ್ಚಿದೆ ಎಂದರ್ಥ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಬಳಸುವ ಯಂತ್ರದಿಂದ ಆಡಿನ ರಕ್ತ ನೋಡುವವರು ಎರಡು ಮಾತು ನೆನಪಿಡಬೇಕು. ಆರೋಗ್ಯವಂತ ಆಡಿನ 100 ಮಿ.ಲೀ. ರಕ್ತದಲ್ಲಿ ಸುಮಾರು 50 ರಿಂದ 75 ಮಿ.ಗ್ರಾಂ. ಸಕ್ಕರೆಯಿರುತ್ತದೆ. ಇದು ಮನುಷ್ಯರಿಗಿಂತ ಕಡಿಮೆ. ಎರಡನೆಯದಾಗಿ, ಸಾಯುವ ಮುನ್ನ ಕೆಲವು ಆಡುಗಳಲ್ಲಿ ಸಕ್ಕರೆ ಏರಿ ಕಾಣುವುದೂ ಉಂಟು. ಆದ್ದರಿಂದ ಆ ಒಂದು ಅಂಕಿಯನ್ನೇ ನಂಬಿ ಕೂರಬಾರದು. ಸುಣ್ಣದಂಶದ ಕೊರತೆ ಹಾಗೂ ಮೆದುಳಿನ ರೋಗಗಳಲ್ಲೂ ಇಂಥದೇ ಲಕ್ಷಣಗಳಿರುತ್ತವೆ. ಕೊನೆಯ ತೀರ್ಮಾನ ಪಶುವೈದ್ಯರದೇ.

ಬೆಲ್ಲದ ನೀರು ಕುಡಿಸಿದರೆ ಸಾಲದೇ?

ವಾಡಿ, ಶಹಾಬಾದದಂಥ ಪಟ್ಟಣದ ಮನೆಯಲ್ಲಿ ಸಕ್ಕರೆ ಕಾಯಿಲೆಯ ಬೆಕ್ಕಿಗೆ ಇನ್ಸುಲಿನ್ ಚುಚ್ಚುತ್ತಾರೆ ಎನ್ನೋಣ. ಬೆಕ್ಕು ಉಣ್ಣದೆ ಇದ್ದಾಗಲೂ ಪೂರ್ಣ ಪ್ರಮಾಣ ಚುಚ್ಚಿದರೆ ಸಕ್ಕರೆ ಕುಸಿದು ಅದು ತೂರಾಡುತ್ತದೆ, ಸೆಳೆತವೂ ಬರುತ್ತದೆ. ಆಗ ಒಸಡಿಗೆ ಸಕ್ಕರೆಯ ಪಾಕ ಸವರಿ, ಎಚ್ಚರವಾದ ಮೇಲೆ ಉಣಿಸಿ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಅಲ್ಲಿ ಸಕ್ಕರೆ ಬೇಗ ಕೆಲಸ ಮಾಡುತ್ತದೆ. ಬೆಕ್ಕಿಗೆ ದೊಡ್ಡ ಹೊಟ್ಟೆಯಿಲ್ಲ.

ಆಡಿನ ಮಾತು ಬೇರೆ. ಕುಡಿಸಿದ ಬೆಲ್ಲದ ಬಹುಪಾಲು ದೊಡ್ಡ ಹೊಟ್ಟೆಯಲ್ಲೇ ಹುದುಗಿಹೋಗುತ್ತದೆ, ರಕ್ತ ಸೇರುವುದು ಅಲ್ಪ. ಹೆಚ್ಚು ಬೆಲ್ಲ, ಇಲ್ಲವೇ ಒಮ್ಮೆಲೇ ಸೇರುಗಟ್ಟಲೆ ಜೋಳ ಕೊಟ್ಟರೆ ಹೊಟ್ಟೆ ಹುಳಿಯಾಗಿ ಇನ್ನೊಂದು ರೋಗ ತಗಲುತ್ತದೆ.

ಉಪಚಾರ

ನಿಂತಿರುವ, ನುಂಗಬಲ್ಲ ಆಡಿಗೆ ಪ್ರೊಪಿಲಿನ್ ಗ್ಲೈಕಾಲ್ ಎಂಬ ದ್ರವವೇ ಸರಿಯಾದ ಮದ್ದು. ಅದನ್ನು ಪಿತ್ತಜನಕಾಂಗವು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಬೆಳೆದ ಆಡಿಗೆ 60 ಮಿ.ಲೀ.ನಂತೆ ದಿನಕ್ಕೆ ಎರಡು ಬಾರಿ, ಮೂರು ದಿನ ಕೊಡುವುದು ವಾಡಿಕೆ. ಪಶುವೈದ್ಯರನ್ನು ಕೇಳಿಯೇ ಕೊಡಿರಿ. ಹೆಸರು ಹೋಲುತ್ತದೆಂದು ಮೋಟಾರಿನ ರೇಡಿಯೇಟರಿಗೆ ಹಾಕುವ ದ್ರವವನ್ನು ಎಂದೂ ಕುಡಿಸಬಾರದು. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಕಡು ವಿಷ.

ಕುಡಿಸುವಾಗ ತಲೆಯನ್ನು ಅತಿಯಾಗಿ ಮೇಲೆತ್ತಬೇಡಿರಿ, ನಿಧಾನವಾಗಿ ಕುಡಿಸಿರಿ. ಎಚ್ಚರ ತಪ್ಪಿದ ಆಡಿನ ಬಾಯಿಗೆ ಏನನ್ನೂ ಸುರಿಯಬಾರದು. ಶ್ವಾಸಕೋಶಕ್ಕೆ ಇಳಿದು ಆಡು ಅದರಿಂದಲೇ ಸಾಯುತ್ತದೆ. ಅಂಥ ಆಡಿಗೆ ರಕ್ತನಾಳದ ಮೂಲಕ ಗ್ಲೂಕೋಸ್ ಮತ್ತು ಬೇಕಾದರೆ ಸುಣ್ಣದಂಶವನ್ನು ಪಶುವೈದ್ಯರೇ ಕೊಡಬೇಕು. ದಿನ ತುಂಬುತ್ತ ಬಂದಿದ್ದರೆ ಅವರು ಚುಚ್ಚುಮದ್ದಿನಿಂದ ಈಯಿಸಬಹುದು ಅಥವಾ ಶಸ್ತ್ರಕ್ರಿಯೆಯಿಂದ ಮರಿ ತೆಗೆಯಬಹುದು. ಮರಿಗಳ ಹೊರೆ ಇಳಿದರೆ ತಾಯಿ ಚೇತರಿಸಿಕೊಳ್ಳುವ ದಾರಿ ತೆರೆಯುತ್ತದೆ. ಇದಕ್ಕಾಗಿ ಕಟ್ಟಿಸಿದ ತಾರೀಖು ಗೊತ್ತಿರಬೇಕು. ದೂರದ ತಾಂಡಾ, ಹಳ್ಳಿಗಳವರು ಸಂಚಾರಿ ಪಶು ಚಿಕಿತ್ಸಾಲಯಕ್ಕಾಗಿ 1962ಕ್ಕೆ ದೂರವಾಣಿ ಮಾಡಬಹುದು.

ಹುಟ್ಟಿದ ಮರಿಯ ಆರೈಕೆ

ಸೊರಗಿದ ತಾಯಿಯ ಮರಿಗಳೂ ಸಕ್ಕರೆಯ ಕೊರತೆಯಿಂದ ತಣ್ಣಗಾಗುತ್ತವೆ. ಮರಿಯನ್ನು ಒರೆಸಿ, ಒಂದೆರಡು ತಾಸಿನೊಳಗೆ ಗಿಣ್ಣು ಹಾಲು ಕುಡಿಸಬೇಕು. ಮೊದಲ 24 ತಾಸಿನಲ್ಲಿ ಮರಿಯ ಪ್ರತಿ ಕಿಲೋ ತೂಕಕ್ಕೆ ಸುಮಾರು 200 ಮಿ.ಲೀ.ನಂತೆ ನಾಲ್ಕೈದು ಸಲ ಹಂಚಿ ಕೊಡಿರಿ. ಹುಟ್ಟಿ ಐದು ತಾಸು ಕಳೆದ, ತಲೆ ಎತ್ತದ, ಬಾಯಿ ತಣ್ಣಗಾದ ಮರಿಯನ್ನು ನೇರವಾಗಿ ಬೆಂಕಿಯ ಮುಂದಿಟ್ಟು ಕಾಯಿಸುವುದು ಅಪಾಯ. ಮೈ ಬಿಸಿಯಾದೊಡನೆ ಉಳಿದಿದ್ದ ಸಕ್ಕರೆಯೂ ಸುಟ್ಟುಹೋಗಿ ಸೆಳೆತ ಬರುತ್ತದೆ. ಅಂಥ ಮರಿಗೆ ಮೊದಲು ಪಶುವೈದ್ಯರಿಂದ ಗ್ಲೂಕೋಸ್ ಚುಚ್ಚುಮದ್ದು, ಆಮೇಲೆ ಕಾವು, ಅದು ಚೀಪುವಂತಾದ ಮೇಲೆ ಹಾಲು. ಈ ಕ್ರಮ ತಪ್ಪಬಾರದು.

ಬಾರದಂತೆ ತಡೆಯುವುದು

ಹೋತ ಕಟ್ಟಿಸಿದ ತಾರೀಖನ್ನು ಬರೆದಿಡಿರಿ. ಸೆಪ್ಟೆಂಬರ್ 15ರಂದು ಕಟ್ಟಿಸಿದ ಆಡಿಗೆ ಡಿಸೆಂಬರ್ 24ಕ್ಕೆ 100 ದಿನ, ಫೆಬ್ರವರಿ 12ರ ಸುಮಾರಿಗೆ ಈಯುವ ದಿನ. ನೂರನೆಯ ದಿನದಿಂದ ಮೇವಿನ ಜೊತೆಗೆ ದಾಣಿ ಶುರುವಾಗಬೇಕು. ಮೊದಲು ದಿನಕ್ಕೆ 100 ಗ್ರಾಂ., ಹತ್ತು ದಿನಗಳಲ್ಲಿ ಮೆಲ್ಲನೆ 250 ಗ್ರಾಂ.ಗೆ ಏರಿಸಿರಿ. ಹೊಟ್ಟೆ ದೊಡ್ಡದಾಗಿ ಅವಳಿಯ ಸೂಚನೆಯಿದ್ದರೆ ಕೊನೆಯ ತಿಂಗಳು 400 ಗ್ರಾಂ.ವರೆಗೆ ಕೊಡಬಹುದು. ಬೆಳಿಗ್ಗೆ, ಸಂಜೆ ಹಂಚಿ ಕೊಡಿರಿ.

ನಮ್ಮಲ್ಲೇ ಸಿಗುವ ಸರಕಿನಿಂದ 100 ಕಿಲೋ ದಾಣಿ ಮಾಡಲು: ಒಡೆದ ಜೋಳ 40 ಕಿಲೋ, ದಾಲ್ ಮಿಲ್ಲಿನ ತೊಗರಿ ಚುನ್ನಿ 22 ಕಿಲೋ, ಶೇಂಗಾ ಹಿಂಡಿ 20 ಕಿಲೋ, ಗೋಧಿ ಬೂಸಾ 15 ಕಿಲೋ, ಖನಿಜ ಮಿಶ್ರಣ 2 ಕಿಲೋ, ಉಪ್ಪು 1 ಕಿಲೋ. ಬೂಸಲು ಹಿಡಿದ ಹಿಂಡಿ ಬೇಡ. ರಾಶಿಯ ನಂತರ ಉಳಿಯುವ ತೊಗರಿಯ ಎಲೆ, ಕಾಯಿಸಿಪ್ಪೆಯ ಹೊಟ್ಟನ್ನು ಸುಡದೆ ಕೂಡಿಟ್ಟುಕೊಂಡರೆ ಮಳೆ ಹಿಡಿದ ದಿನಕ್ಕೂ ಬೇಸಿಗೆಗೂ ಆಧಾರ.

ಗಬ್ಬದ ಆಡುಗಳನ್ನು ಬೇರೆ ಕಟ್ಟಿ ಉಣಿಸಿರಿ. ಬಲವಾದವು ಅವುಗಳ ಪಾಲನ್ನೂ ತಿಂದುಬಿಡುತ್ತವೆ. ವಾರಕ್ಕೊಮ್ಮೆ ಸೊಂಟದ ಎಲುಬಿನ ಮೇಲೆ ಅಂಗೈಯಿಟ್ಟು ನೋಡಿರಿ. ಎಲುಬು ಚೂಪಾಗಿ ಚುಚ್ಚಿದರೆ ದಾಣಿ ಹೆಚ್ಚಿಸಿರಿ. ಕೊಬ್ಬಿದೆಯೆಂದು ಮಾತ್ರ ಕೊನೆಯ ತಿಂಗಳಲ್ಲಿ ಮೇವು ಕಡಿಮೆ ಮಾಡಬೇಡಿರಿ. ಕೊಬ್ಬು ಇಳಿಸುವುದಿದ್ದರೆ ಹೋತ ಕಟ್ಟಿಸುವ ಮುಂಚೆಯೇ ಇಳಿಸಬೇಕು.

ಐವತ್ತು ದಿನಗಳಲ್ಲಿ ಒಂದು ಆಡು ತಿನ್ನುವ ದಾಣಿ 15 ಕಿಲೋ ಆಸುಪಾಸು. ಒಂದು ಮರಿಯ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ತೂಗಿ ನೋಡಿದರೆ ಖರ್ಚು ಯಾವುದು, ಉಳಿತಾಯ ಯಾವುದು ಎಂಬುದು ತಾನೇ ತಿಳಿಯುತ್ತದೆ.